ಮುಳುಗುವ ನಾಡಿನಲ್ಲಿ ಹೊಲ ಕೊಂಡ ಪ್ರವಾದಿ



ನಿಮ್ಮಲ್ಲಿ ಬಾಗಲಕೋಟೆಯ ಹಳೆಯ ಊರಿನಲ್ಲಿ ಹುಟ್ಟಿ ಬೆಳೆದವರು ಇರಬಹುದು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದ ಮೇಲೆ ನಿಮ್ಮ ಹಿರಿಯರು ವರ್ಷಗಟ್ಟಲೆ ಒಂದೇ ಮಾತನ್ನು ಕೇಳುತ್ತಾ ಬದುಕಿದರು: ಊರು ಮುಳುಗಡೆಯಾಗುತ್ತದೆ. ಕೊನೆಗೆ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದೇಬಿಟ್ಟಿತು. ಎಷ್ಟೋ ಮನೆಗಳು, ಅಂಗಡಿಗಳು, ಓಣಿಗಳು ನೀರಿನ ಪಾಲಾದವು. ಜನರು ನವನಗರಕ್ಕೆ ಬಂದು ಸೆಕ್ಟರುಗಳಲ್ಲಿ ಹೊಸ ಮನೆ ಕಟ್ಟಿಕೊಂಡರು. ಹೊಸ ಮನೆಗೆ ಬಂದರೂ ಹಳೆಯ ಅಂಗಳ ಇಂದಿಗೂ ಕನಸಿನಲ್ಲಿ ಬರುತ್ತದೆ ಎನ್ನುವ ಅಜ್ಜಿಯರನ್ನು ನೀವು ನೋಡಿರುತ್ತೀರಿ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಮುಳುಗಡೆಯ ನೋಟಿಸು ಬಂದಾಗಿದೆ, ನೀರು ಹೊಲದ ಬದುವಿಗೆ ಬಂದು ನಿಂತಿದೆ. ಅಂಥ ಹೊಲವನ್ನು ಪೂರ್ತಿ ಹಣ ಕೊಟ್ಟು, ಸಾಕ್ಷಿ ಹಾಕಿಸಿ, ಖರೀದಿ ಪತ್ರ ಮಾಡಿಸಿ ಯಾರಾದರೂ ಕೊಂಡುಕೊಳ್ಳುತ್ತಾರೆಯೇ? ಕೊಂಡವನನ್ನು ನೀವು ಏನೆಂದು ಕರೆಯುವಿರಿ?

ಸುಮಾರು 2,600 ವರ್ಷಗಳ ಹಿಂದೆ ಒಬ್ಬ ಮನುಷ್ಯನು ಇಂಥದ್ದೇ ಹೊಲವನ್ನು ಕೊಂಡನು. ಆತನ ನಾಡನ್ನು ಮುಳುಗಿಸಲು ಬಂದದ್ದು ನೀರಲ್ಲ, ಬಾಬಿಲೋನಿಯದ ಸೈನ್ಯ. ಕೊಂಡವನು ಹುಚ್ಚನಾಗಿರಲಿಲ್ಲ. ಆ ನಾಡು ಶತ್ರುವಿನ ಪಾಲಾಗುತ್ತದೆಂದು 40 ವರ್ಷ ಸಾರಿದವನು ಆತನೇ. ಆತನ ಹೆಸರು ಯೆರೆಮೀಯ. ದೇವರ ಕರುಣೆ ಎಂದರೇನು, ಕೆಟ್ಟುಹೋದ ಜನಾಂಗವನ್ನು ದೇವರು ಮತ್ತೆ ಹೇಗೆ ಎತ್ತಿ ನಿಲ್ಲಿಸುತ್ತಾರೆ ಎಂಬುದನ್ನು ತಿಳಿಯಲು ಈ ಪ್ರವಾದಿಯ ಬದುಕಿಗಿಂತ ಒಳ್ಳೆಯ ಪಾಠ ಹಳೆಯ ಒಡಂಬಡಿಕೆಯಲ್ಲಿ ಸಿಗುವುದು ಕಷ್ಟ. ಬನ್ನಿ, ಇಂದು ಆತನ ಜೀವನವನ್ನು ಒಟ್ಟಿಗೆ ನೋಡೋಣ.

ಅನಾತೋತಿನ ಹುಡುಗ

ಯೆರೆಮೀಯನು ಹುಟ್ಟಿದ್ದು ಕ್ರಿ.ಪೂ. ಏಳನೆಯ ಶತಮಾನದ ನಡುಭಾಗದಲ್ಲಿ, ಅನಾತೋತ್ ಎಂಬ ಹಳ್ಳಿಯಲ್ಲಿ. ಜೆರುಸಲೇಮ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 5 ಕಿಲೋಮೀಟರ್ ದೂರ. ತಂದೆ ಹಿಲ್ಕೀಯನು ಯಾಜಕ ಮನೆತನದವನು. ಹಳ್ಳಿಯ ಪೂರ್ವಕ್ಕೆ ಮರುಭೂಮಿ. ಮಳೆ ಬಂದರೆ ಬೆಳೆ, ಇಲ್ಲವಾದರೆ ಇಲ್ಲ. ಹುನಗುಂದದ ಎರೆಹೊಲದ ರೈತನಿಗೆ ಆ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಯೆರೆಮೀಯನು ಬರಗಾಲವನ್ನು ವರ್ಣಿಸುವಾಗ, ನೀರಿಗೆ ಹೋದವರು ಖಾಲಿ ಕೊಡ ಹೊತ್ತು ತಿರುಗಿ ಬರುವುದನ್ನೂ, ಹುಲ್ಲು ಸಿಗದ ಜಿಂಕೆ ಆಗತಾನೇ ಈದ ಮರಿಯನ್ನು ಬಿಟ್ಟು ಹೋಗುವುದನ್ನೂ ಕಣ್ಣಾರೆ ಕಂಡವನಂತೆ ಬರೆದನು.

ಆ ಊರಿಗೆ ಹಳೆಯದೊಂದು ನೆನಪಿತ್ತು. ಅರಸ ಸೊಲೊಮೋನನು ಎಬ್ಯಾತಾರನೆಂಬ ಯಾಜಕನನ್ನು ಹುದ್ದೆಯಿಂದ ತೆಗೆದು ಓಡಿಸಿದ್ದು ಇದೇ ಅನಾತೋತಿಗೆ. ಇನ್ನೊಂದು ನೆನಪು ಇನ್ನೂ ಹಸಿಯಾಗಿತ್ತು. ಕ್ರಿ.ಪೂ. 722ರ ಹೊತ್ತಿಗೆ ಅಸ್ಸೀರಿಯದ ಸೈನ್ಯವು ಉತ್ತರದ ಇಸ್ರಯೇಲ್ ರಾಜ್ಯವನ್ನು ನಾಶಮಾಡಿ ಜನರನ್ನು ಸೆರೆಹಿಡಿದು ಒಯ್ದಿತ್ತು. ಅವರು ಮತ್ತೆ ಬರಲಿಲ್ಲ. ಉಳಿದದ್ದು ದಕ್ಷಿಣದ ಪುಟ್ಟ ಜುದೇಯ ರಾಜ್ಯ ಮಾತ್ರ.

ಕ್ರಿ.ಪೂ. 627ರಲ್ಲಿ, ಅರಸ ಯೋಷೀಯನ ಆಳ್ವಿಕೆಯ 13ನೆಯ ವರ್ಷದಲ್ಲಿ, ದೇವರು ಯೆರೆಮೀಯನನ್ನು ಕರೆದರು. ಆಗ ಆತನಿನ್ನೂ ಹದಿಹರೆಯದವನು. ತನಗೆ ಮಾತನಾಡಲು ಬಾರದು, ತಾನಿನ್ನೂ ಚಿಕ್ಕವನು ಎಂದು ಹಿಂಜರಿದನು. ದೇವರು ಆ ನೆಪವನ್ನು ಒಪ್ಪಲಿಲ್ಲ. ಆತನಿಗೆ ಒಪ್ಪಿಸಿದ ಕೆಲಸದಲ್ಲಿ ಎರಡು ಭಾಗಗಳಿದ್ದವು: ಕೀಳುವುದು ಮತ್ತು ಕೆಡವುವುದು ಒಂದು, ಕಟ್ಟುವುದು ಮತ್ತು ನೆಡುವುದು ಇನ್ನೊಂದು. ಇದನ್ನು ನೀವು ನೆನಪಿನಲ್ಲಿಡಿ. ಆತನ ಬದುಕಿನ ಬಹುಪಾಲು ಮೊದಲನೆಯ ಕೆಲಸದಲ್ಲೇ ಕಳೆಯಿತು. ಎರಡನೆಯದರ ಫಲವನ್ನು ಆತನು ಕಣ್ಣಿನಿಂದ ಕಾಣಲೇ ಇಲ್ಲ.

ಒಡೆದ ಹೊಂಡಗಳು

ಜನರ ತಪ್ಪಾದರೂ ಏನು? ಯೆರೆಮೀಯನು ಅದನ್ನು ಹಳ್ಳಿಯವನ ಮಾತಿನಲ್ಲಿ ಹೇಳಿದನು. ಬತ್ತದ ಊಟೆಯಂತಿದ್ದ ದೇವರನ್ನು ಬಿಟ್ಟು, ನೀರು ನಿಲ್ಲದ ಬಿರುಕುಬಿಟ್ಟ ಹೊಂಡಗಳನ್ನು ಜನರು ತಾವೇ ತೋಡಿಕೊಂಡರು ಎಂಬುದು ಆತನ ಆರೋಪ. ನೀವು ಬಾದಾಮಿಗೆ ಹೋದಾಗ ಕೆಂಪು ಕಲ್ಲಿನ ಗುಡ್ಡಗಳ ನಡುವೆ ಅಗಸ್ತ್ಯತೀರ್ಥದ ಹೊಂಡವನ್ನು ನೋಡಿರುತ್ತೀರಿ. ನೂರಾರು ವರ್ಷಗಳಿಂದ ಆ ಊರಿಗೆ ಆಧಾರವಾದ ನೀರದು. ಅದರ ತಳ ಬಿರುಕು ಬಿಟ್ಟರೆ ಮೇಲಿನ ಕೆತ್ತನೆ ಎಷ್ಟು ಚೆನ್ನಾಗಿದ್ದರೇನು? ಜುದೇಯದ ಸ್ಥಿತಿಯೂ ಹಾಗೆಯೇ ಆಗಿತ್ತು. ದೇವಾಲಯವಿತ್ತು, ಬಲಿಗಳಿದ್ದವು, ಹಬ್ಬಗಳಿದ್ದವು. ಆದರೆ ಅನಾಥರಿಗೆ, ವಿಧವೆಯರಿಗೆ, ಪರದೇಶಿಗಳಿಗೆ ನ್ಯಾಯವಿರಲಿಲ್ಲ. ಜನರು ಬಾಳ್ ದೇವತೆಗೆ ಧೂಪ ಹಾಕುತ್ತಿದ್ದರು. ಮಕ್ಕಳನ್ನು ಬೆಂಕಿಗೆ ಬಲಿಕೊಡುವ ಮಟ್ಟಕ್ಕೂ ಕೆಲವರು ಇಳಿದಿದ್ದರು.

ಯೋಷೀಯನು ಒಳ್ಳೆಯ ಅರಸ. ಕ್ರಿ.ಪೂ. 622ರ ಹೊತ್ತಿಗೆ ದೇವಾಲಯದ ದುರಸ್ತಿ ನಡೆಯುವಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು, ಆತನು ನಾಡಿನಲ್ಲಿ ಸುಧಾರಣೆ ತಂದನು. ಆದರೆ 609ರಲ್ಲಿ ಆತನು ಮೆಗಿದ್ದೋ ಎಂಬಲ್ಲಿ ಈಜಿಪ್ಟಿನ ಫರೋಹನ ಎದುರು ಸತ್ತನು. ಮಗ ಯೆಹೋಯಾಕೀಮನು ತಂದೆಯಂತಿರಲಿಲ್ಲ. ಕೆಲಸಗಾರರಿಗೆ ಕೂಲಿ ಕೊಡದೆ ತನಗಾಗಿ ಅರಮನೆ ಕಟ್ಟಿಸಿದನೆಂದು ಯೆರೆಮೀಯನು ಆತನನ್ನು ಬಹಿರಂಗವಾಗಿ ಖಂಡಿಸಿದನು.

ಆ ಆಳ್ವಿಕೆಯ ಆರಂಭದಲ್ಲೇ ಯೆರೆಮೀಯನು ದೇವಾಲಯದ ಬಾಗಿಲಲ್ಲಿ ನಿಂತು ಬೋಧಿಸಿದನು. ದೇವಾಲಯವಿದೆ ಎಂಬ ಒಂದೇ ಧೈರ್ಯದಿಂದ ಅನ್ಯಾಯ ಮಾಡುತ್ತಿರುವವರನ್ನು ಆ ಕಟ್ಟಡ ಕಾಪಾಡುವುದಿಲ್ಲ ಎಂದನು. ಯಾಜಕರು ಆತನನ್ನು ಹಿಡಿದು ಕೊಲ್ಲಬೇಕೆಂದು ಕೂಗಿದರು. ಶಾಫಾನನ ಮಗ ಅಹೀಕಾಮನೆಂಬ ಅಧಿಕಾರಿಯ ರಕ್ಷಣೆಯಿಂದ ಪ್ರಾಣ ಉಳಿಯಿತು. ಸ್ವಂತ ಊರಾದ ಅನಾತೋತಿನವರೂ ಆತನನ್ನು ಕೊಲ್ಲಲು ಸಂಚು ಹೂಡಿದ್ದರು. ಮದುವೆಯಾಗಬಾರದೆಂದು ದೇವರೇ ಆತನಿಗೆ ಆಜ್ಞಾಪಿಸಿದ್ದರು. ಹೆಂಡತಿ ಮಕ್ಕಳಿಲ್ಲ, ಒಡಹುಟ್ಟಿದವರ ಆಸರೆಯೂ ಇಲ್ಲ. ತಾನು ಹುಟ್ಟಿದ ದಿನವನ್ನೇ ಆತನು ಒಮ್ಮೆ ಶಪಿಸಿಕೊಂಡನು. ಪ್ರಾರ್ಥನೆಯಲ್ಲಿ ದೇವರೊಡನೆ ಜಗಳವಾಡಿದನು. ಆದರೂ ಸುಮ್ಮನಿರಲು ಆಗಲಿಲ್ಲ. ದೇವರ ವಾಕ್ಯವನ್ನು ಒಳಗೇ ಅದುಮಿಟ್ಟುಕೊಂಡರೆ ಅದು ಎಲುಬುಗಳಲ್ಲಿ ಬೆಂಕಿಯಂತೆ ಸುಡುತ್ತಿತ್ತು.

ಸುಟ್ಟುಹೋದ ಸುರುಳಿ

ಕ್ರಿ.ಪೂ. 605ರಲ್ಲಿ ಬಾಬಿಲೋನಿಯದ ನೆಬೂಕದ್ನೆಚ್ಚರನು ಕರ್ಕೆಮೀಷಿನಲ್ಲಿ ಈಜಿಪ್ಟಿನ ಸೈನ್ಯವನ್ನು ಸೋಲಿಸಿದನು. ಆ ವರ್ಷವೇ ಯೆರೆಮೀಯನು ತನ್ನ ಬೋಧನೆಗಳನ್ನೆಲ್ಲ ಬಾರೂಕನೆಂಬ ಲಿಪಿಗಾರನಿಗೆ ಹೇಳಿ ಬರೆಸಿದನು. ಸುರುಳಿ ಅರಮನೆಗೆ ತಲುಪಿತು. ಅದು ಚಳಿಗಾಲ. ಯೆಹೋಯಾಕೀಮನು ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದನು. ಓದುವವನು ಮೂರು ನಾಲ್ಕು ಅಂಕಣ ಓದುತ್ತಿದ್ದಂತೆ ಅರಸನು ಅಷ್ಟನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಎಸೆಯುತ್ತಾ ಬಂದನು. ಇಡೀ ಸುರುಳಿ ಬೂದಿಯಾಯಿತು. ಸುಡಬೇಡಿರೆಂದು ಬೇಡಿಕೊಂಡ ಮೂವರಲ್ಲಿ ಶಾಫಾನನ ಮಗ ಗೆಮರ್ಯನೂ ಒಬ್ಬ. 1982ರಲ್ಲಿ ಜೆರುಸಲೇಮಿನ ಹಳೆಯ ದಾವೀದನಗರದಲ್ಲಿ ಉತ್ಖನನ ನಡೆದಾಗ ಶಾಫಾನನ ಮಗ ಗೆಮರ್ಯ ಎಂಬ ಹೆಸರುಳ್ಳ ಜೇಡಿಮಣ್ಣಿನ ಮುದ್ರೆ ಸಿಕ್ಕಿತು.

ಯೆರೆಮೀಯನು ಏನು ಮಾಡಿದನು? ಇನ್ನೊಂದು ಸುರುಳಿ ತರಿಸಿ ಬಾರೂಕನಿಗೆ ಎಲ್ಲವನ್ನೂ ಮತ್ತೆ ಹೇಳಿ ಬರೆಸಿದನು, ಇನ್ನಷ್ಟನ್ನು ಸೇರಿಸಿದನು.

ಕುಂಬಾರನ ಮನೆಗೆ ಹೋದ ಸಂಗತಿಯನ್ನು ನೀವು ಪೂಜೆಯ ವಾಚನದಲ್ಲಿ ಕೇಳಿರಬಹುದು. ತಿಗರಿಯ ಮೇಲಿನ ಗಡಿಗೆ ಕೆಟ್ಟಿತು. ಕುಂಬಾರನು ಮಣ್ಣನ್ನು ಎಸೆಯಲಿಲ್ಲ, ಅದೇ ಮಣ್ಣಿನಿಂದ ಬೇರೊಂದನ್ನು ಮಾಡಿದನು. ದೇವರು ತನ್ನ ಜನರೊಂದಿಗೆ ಮಾಡಬಯಸಿದ್ದು ಇದನ್ನೇ ಎಂದು ಪ್ರವಾದಿಗೆ ಅಲ್ಲಿ ತಿಳಿಯಿತು.

ಗುಳೆ ಹೋದವರಿಗೆ ಬರೆದ ಪತ್ರ

ಕ್ರಿ.ಪೂ. 597ರಲ್ಲಿ ಜೆರುಸಲೇಮ್ ಮೊದಲ ಬಾರಿ ಶರಣಾಯಿತು. ಹೊಸ ಅರಸ, ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳು ಬಾಬಿಲೋನಿಗೆ ಒಯ್ಯಲ್ಪಟ್ಟರು. ಉಳಿದವರನ್ನಾಳಲು ನೆಬೂಕದ್ನೆಚ್ಚರನು ಚಿದ್ಕೀಯನನ್ನು ಅರಸನನ್ನಾಗಿ ಕೂರಿಸಿದನು.

ಆಗ ಹನನ್ಯನೆಂಬ ಪ್ರವಾದಿ ಜನರಿಗೆ ಸಿಹಿಯಾದ ಮಾತು ಹೇಳಿದನು. ಎರಡೇ ವರ್ಷಗಳಲ್ಲಿ ಎಲ್ಲರೂ ಮರಳಿ ಬರುತ್ತಾರೆ, ದೇವಾಲಯದ ಪಾತ್ರೆಗಳೂ ಬರುತ್ತವೆ ಎಂದನು. ಯೆರೆಮೀಯನು ಸೆರೆಯ ಗುರುತಾಗಿ ಕೊರಳಲ್ಲಿ ಹಾಕಿಕೊಂಡಿದ್ದ ಮರದ ನೊಗವನ್ನು ಮುರಿದುಹಾಕಿದನು. ಜನರಿಗೆ ಹನನ್ಯನ ಮಾತೇ ಹಿಡಿಸಿತು. ಯಾರಿಗೆ ತಾನೇ ಹಿಡಿಸದು? ಆದರೆ ಅದು ಸುಳ್ಳಾಗಿತ್ತು.

ಯೆರೆಮೀಯನು ಬಾಬಿಲೋನಿನಲ್ಲಿದ್ದವರಿಗೆ ಪತ್ರ ಬರೆದನು. ಅಲ್ಲಿ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರ. ಬಿಡುಗಡೆ ಬರುತ್ತದೆ, ಆದರೆ ಎರಡು ವರ್ಷದಲ್ಲಲ್ಲ, 70 ವರ್ಷ ತುಂಬಿದ ಮೇಲೆ. ಅಂದರೆ ಪತ್ರ ಓದಿದವರಲ್ಲಿ ಹೆಚ್ಚಿನವರು ತವರು ನಾಡನ್ನು ಮತ್ತೆ ನೋಡುವಂತಿರಲಿಲ್ಲ. ಮೊಮ್ಮಕ್ಕಳು ನೋಡುವರು. ಅದಕ್ಕಾಗಿ ಮೊದಲು ಮಕ್ಕಳು ಹುಟ್ಟಬೇಕು, ಮನೆ ಉಳಿಯಬೇಕು, ಪ್ರಾರ್ಥನೆ ಉಳಿಯಬೇಕು.

ನಿಮ್ಮ ಮನೆಯವರೂ ಬೇಸಿಗೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗಿರಬಹುದು. ಸೆರೆಯಾಗಿ ಹೋಗುವುದೂ ಹೊಟ್ಟೆಪಾಡಿಗೆ ಹೋಗುವುದೂ ಒಂದೇ ಅಲ್ಲ, ನಿಜ. ಆದರೂ ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನೊಳಗೆ ಮಲಗಿ, ಇಲ್ಲಿ ನಮ್ಮವರಾರೂ ಇಲ್ಲ, ಇಲ್ಲಿ ದೇವರೂ ಇಲ್ಲ ಎಂದುಕೊಳ್ಳುವವನಿಗೆ ಯೆರೆಮೀಯನ ಪತ್ರ ಸಮಾಧಾನ ಹೇಳುತ್ತದೆ. ದೇವರು ದೇವಾಲಯದಲ್ಲಿ ಮಾತ್ರವೇ ಸಿಗುತ್ತಾರೆಂದು ತಿಳಿದಿದ್ದ ಜನರಿಗೆ, ಪರದೇಶದಲ್ಲೂ ಮನಃಪೂರ್ವಕ ಹುಡುಕಿದರೆ ಅವರು ಸಿಗುತ್ತಾರೆಂದು ಹೇಳಿದವನು ಈ ಪ್ರವಾದಿ.

ಕೆಸರಿನ ಬಾವಿ, ಹರಕು ಬಟ್ಟೆ

ಚಿದ್ಕೀಯನು ಬಾಬಿಲೋನಿನ ವಿರುದ್ಧ ದಂಗೆಯೆದ್ದನು. ಕ್ರಿ.ಪೂ. 588ರಲ್ಲಿ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮನ್ನು ಮುತ್ತಿತು. ಈಜಿಪ್ಟಿನ ಪಡೆ ಬರುತ್ತಿದೆಯೆಂದು ಸುದ್ದಿಯಾಗಿ ಮುತ್ತಿಗೆ ಸ್ವಲ್ಪಕಾಲ ಸಡಿಲವಾದಾಗ ಯೆರೆಮೀಯನು ತನ್ನ ಪಾಲಿನ ಆಸ್ತಿಯ ಸಲುವಾಗಿ ಊರಿಗೆ ಹೊರಟನು. ಪಟ್ಟಣದ ಬಾಗಿಲಲ್ಲೇ ಆತನನ್ನು ಹಿಡಿದು, ಶತ್ರುವಿನ ಕಡೆ ಓಡಿಹೋಗುತ್ತಿದ್ದಾನೆಂದು ಹೊಡೆದು ಸೆರೆಗೆ ಹಾಕಿದರು.

ಶರಣಾದರೆ ಪ್ರಾಣ ಉಳಿಯುತ್ತದೆ ಎಂದು ಆತನು ಸೆರೆಯಲ್ಲಿದ್ದೂ ಹೇಳುವುದನ್ನು ಬಿಡಲಿಲ್ಲ. ಸೈನಿಕರ ಎದೆ ಕುಂದಿಸುತ್ತಾನೆಂದು ಅಧಿಕಾರಿಗಳು ಆತನನ್ನು ಹಗ್ಗದಿಂದ ಬಾವಿಗೆ ಇಳಿಸಿದರು. ನೀರಿರಲಿಲ್ಲ, ಕೆಸರಿತ್ತು. ಆತನು ಕೆಸರಿನಲ್ಲಿ ಹೂತುಹೋದನು. ಆ ಅಧಿಕಾರಿಗಳಲ್ಲಿ ಇಬ್ಬರ ಹೆಸರುಳ್ಳ ಮಣ್ಣಿನ ಮುದ್ರೆಗಳು ಜೆರುಸಲೇಮಿನಲ್ಲಿ 2005 ಮತ್ತು 2008ರಲ್ಲಿ ದೊರೆತಿವೆ.

ಪ್ರವಾದಿಯನ್ನು ಬದುಕಿಸಿದವನು ಸ್ವಜನದವನಲ್ಲ. ಅರಮನೆಯಲ್ಲಿ ಸೇವೆಗಿದ್ದ ಎಬೆದ್ಮೆಲೆಕನೆಂಬ ಆಫ್ರಿಕಾದ ಕೂಷ್ ನಾಡಿನವನು. ಆತನು ಅರಸನ ಮುಂದೆ ಹೋಗಿ ಇದು ಅನ್ಯಾಯವೆಂದನು, ಅಪ್ಪಣೆ ಪಡೆದು ಜನರನ್ನು ಕರೆದುಕೊಂಡು ಬಾವಿಯ ಹತ್ತಿರ ಬಂದನು. ಬರುವಾಗ ಉಗ್ರಾಣದಿಂದ ಹಳೆಯ ಹರಕು ಬಟ್ಟೆಗಳನ್ನೂ ತಂದನು. ಹಗ್ಗ ಕಂಕುಳನ್ನು ಕೊರೆಯಬಾರದೆಂದು ಆ ಬಟ್ಟೆಗಳನ್ನು ಕೆಳಗೆ ಬಿಟ್ಟು, ಅವುಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುವಂತೆ ಹೇಳಿ ಮೇಲೆಳೆದನು. ಕರುಣೆ ಹೇಗಿರುತ್ತದೆಂದು ಮಕ್ಕಳು ಕೇಳಿದರೆ ಈ ಹರಕು ಬಟ್ಟೆಯ ಸಂಗತಿಯನ್ನು ಹೇಳಿರಿ. ಬಿದ್ದವನನ್ನು ಎತ್ತಿದರೆ ಸಾಲದು, ಎತ್ತುವಾಗ ನೋವಾಗದಂತೆಯೂ ನೋಡಬೇಕು.

ಹದಿನೇಳು ಶೆಕೆಲ್ ಬೆಳ್ಳಿ

ಪ್ರಿಯರೇ, ಈಗ ಹೊಲದ ಮಾತಿಗೆ ಬರೋಣ. ಮುತ್ತಿಗೆ ನಡೆಯುತ್ತಿದೆ. ಶತ್ರುವು ಗೋಡೆಯ ಹೊರಗೆ ಮಣ್ಣಿನ ದಿಬ್ಬ ಹಾಕಿದ್ದಾನೆ. ಪಟ್ಟಣದೊಳಗೆ ರೊಟ್ಟಿ ಮುಗಿಯುತ್ತಾ ಬಂದಿದೆ. ಯೆರೆಮೀಯನು ಕಾವಲಿನ ಅಂಗಳದಲ್ಲಿ ಬಂದಿಯಾಗಿದ್ದಾನೆ. ಆಗ ಚಿಕ್ಕಪ್ಪ ಶಲ್ಲೂಮನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳಬೇಕೆಂದು ಕೇಳಿದನು. ಮನೆತನದ ಭೂಮಿ ಪರರ ಪಾಲಾಗದಂತೆ ಹತ್ತಿರದ ನೆಂಟನು ಬಿಡಿಸಿಕೊಳ್ಳಬೇಕೆಂಬುದು ಇಸ್ರಯೇಲರ ಧರ್ಮಶಾಸ್ತ್ರ. ಆದರೆ ಆ ಹೊಲದ ಸುತ್ತಮುತ್ತ ಆಗ ಬಾಬಿಲೋನಿನವರೇ ಇದ್ದರು.

ಹನಮೇಲನು ಬರುವನೆಂದು ದೇವರು ಮೊದಲೇ ತಿಳಿಸಿದ್ದರು. ಯೆರೆಮೀಯನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟನು. ಈಗಿನ ಲೆಕ್ಕದಲ್ಲಿ ಸುಮಾರು 200 ಗ್ರಾಂ. ಪತ್ರಕ್ಕೆ ರುಜು ಹಾಕಿದನು, ಸಾಕ್ಷಿಗಳಿಂದ ಹಾಕಿಸಿದನು. ಮುದ್ರೆ ಒತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಹಾಕಿಡಲು ಹೇಳಿದನು. ಗಡಿಗೆಯಲ್ಲಿಟ್ಟ ಬರಹ ನಿಜಕ್ಕೂ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. 1947ರಿಂದ ಮೃತಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಶ್ರೀಗ್ರಂಥದ ಸುರುಳಿಗಳಲ್ಲಿ ಕೆಲವು ಇಂಥ ಗಡಿಗೆಗಳಲ್ಲೇ ಸುಮಾರು 2,000 ವರ್ಷ ಉಳಿದಿದ್ದವು.

ಜಮೀನಿನ ಉತಾರ, ಮನೆಯ ಹಕ್ಕುಪತ್ರ ಇವುಗಳನ್ನು ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟವರಿಗೆ ಈ ಗಡಿಗೆಯ ಬೆಲೆ ಗೊತ್ತು. ಕಾಗದ ಜೋಪಾನ ಮಾಡುವವನು ನಾಳೆಯನ್ನು ನಂಬಿರುತ್ತಾನೆ. ವಿಶೇಷವೆಂದರೆ, ಎಲ್ಲವನ್ನೂ ಮುಗಿಸಿದ ಮೇಲೆ ಯೆರೆಮೀಯನಿಗೇ ಅನುಮಾನ ಬಂತು. ಪಟ್ಟಣ ಶತ್ರುವಿನ ಕೈಗೆ ಹೋಗುತ್ತಿರುವಾಗ ಹೊಲ ಕೊಳ್ಳಲು ಏಕೆ ಹೇಳಿದಿರಿ ಎಂದು ದೇವರನ್ನೇ ಕೇಳಿದನು. ತನಗೆ ಅಸಾಧ್ಯವಾದದ್ದು ಯಾವುದೂ ಇಲ್ಲವೆಂಬ ಅರ್ಥದ ಉತ್ತರ ಬಂತು. ಈ ನಾಡಿನಲ್ಲಿ ಜನರು ಮತ್ತೆ ಹೊಲ ಕೊಳ್ಳುವರು, ಪತ್ರ ಬರೆಯುವರು, ಸಾಕ್ಷಿ ಹಾಕಿಸುವರು ಎಂದು ದೇವರು ಮಾತುಕೊಟ್ಟರು. ಪ್ರವಾದಿಯ ಕೈಯಲ್ಲಿದ್ದ ಖರೀದಿ ಪತ್ರವೇ ಆ ಮಾತಿನ ಮುಂಗಡವಾಯಿತು.

ದೇವರ ಕರುಳು

ಯೆರೆಮೀಯನ ಗ್ರಂಥದ 30ರಿಂದ 33ರವರೆಗಿನ ಅಧ್ಯಾಯಗಳನ್ನು ಸಾಂತ್ವನದ ಗ್ರಂಥವೆಂದು ಕರೆಯುವುದುಂಟು. ಅದರಲ್ಲಿ ಮೂರು ಸಂಗತಿಗಳನ್ನು ನೀವು ಗಮನಿಸಬೇಕು.

ಮೊದಲನೆಯದು, ರಾಖೇಲಳ ಅಳು. ಇಸ್ರಯೇಲರ ಮೂಲತಾಯಿಯಾದ ಆಕೆ ಸೆರೆಹೋದ ಮಕ್ಕಳಿಗಾಗಿ ರಾಮಾ ಎಂಬ ಊರಿನಲ್ಲಿ ಅಳುವಂತೆ ಪ್ರವಾದಿಗೆ ಕೇಳಿಸುತ್ತದೆ. ಹೆರೋದನು ಬೆತ್ಲೆಹೇಮಿನ ಮಕ್ಕಳನ್ನು ಕೊಲ್ಲಿಸಿದ್ದನ್ನು ಹೇಳುವಾಗ ಮತ್ತಾಯನ ಶುಭಸಂದೇಶ ನೆನೆಯುವುದು ಇದೇ ಅಳುವನ್ನು. ಆದರೆ ಯೆರೆಮೀಯನಲ್ಲಿ ದೇವರು ಆ ತಾಯಿಗೆ, ಕಣ್ಣೊರಸಿಕೋ, ಮಕ್ಕಳು ಮರಳಿ ಬರುತ್ತಾರೆ ಎಂದು ಭರವಸೆ ಕೊಡುತ್ತಾರೆ.

ಎರಡನೆಯದು, ಎಫ್ರಯಿಮ್ ಎಂಬ ಹೆಸರು. ಅದು 100 ವರ್ಷಗಳಿಗೂ ಹಿಂದೆ ಹಾಳಾಗಿದ್ದ ಉತ್ತರ ರಾಜ್ಯದ ಹೆಸರು. ಎಲ್ಲರೂ ಕೈಬಿಟ್ಟಿದ್ದ ಆ ಜನರನ್ನು ದೇವರು ತನ್ನ ಮುದ್ದಿನ ಮಗನೆಂದು ನೆನೆಯುತ್ತಾರೆ. ಬೈದಾಗಲೂ ಅವನ ನೆನಪೇ ಬರುತ್ತದೆ, ಅವನಿಗಾಗಿ ಒಡಲು ಮರುಗುತ್ತದೆ ಎನ್ನುತ್ತಾರೆ. ಇಲ್ಲಿ ಕರುಣೆಗೆ ಬಳಕೆಯಾದ ಹೀಬ್ರೂ ಪದಕ್ಕೂ ತಾಯಿಯ ಗರ್ಭ ಎಂಬ ಪದಕ್ಕೂ ಮೂಲ ಒಂದೇ. ಮರುಗುವುದು ಎನ್ನುವಲ್ಲಿ ಮೂಲದಲ್ಲಿರುವುದು ಕರುಳು ಎಂಬ ಅರ್ಥದ ಮಾತು. ಕನ್ನಡದ ತಾಯಂದಿರಿಗೆ ಇದನ್ನು ವಿವರಿಸಬೇಕೇ? ಮಗ ಎಷ್ಟೇ ಕೆಟ್ಟರೂ ಕರುಳು ಕೇಳುವುದಿಲ್ಲ ಎಂದು ನೀವೇ ಹೇಳುತ್ತೀರಿ. 1980ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ದೈವ ಕರುಣೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಈ ಹೀಬ್ರೂ ಪದದ ತಾಯ್ತನವನ್ನು ವಿವರಿಸಿದ್ದಾರೆ. 2000ದಲ್ಲಿ ಪಾಸ್ಕ ಹಬ್ಬದ ನಂತರದ ಭಾನುವಾರವನ್ನು ದೈವ ಕರುಣೆಯ ಭಾನುವಾರವೆಂದು ಇಡೀ ಧರ್ಮಸಭೆಗೆ ಗೊತ್ತುಮಾಡಿದವರೂ ಅವರೇ.

ಮೂರನೆಯದು, ಹೊಸ ಒಡಂಬಡಿಕೆ. ಕಲ್ಲಿನ ಮೇಲೆ ಬರೆದ ಆಜ್ಞೆಗಳನ್ನು ಜನರು ಮೀರಿದರು. ಇನ್ನು ಮುಂದೆ ದೇವರು ತನ್ನ ಧರ್ಮಶಾಸ್ತ್ರವನ್ನು ಹೃದಯದಲ್ಲೇ ಬರೆಯುವರು, ಪಾಪವನ್ನು ನೆನಪಿಗೆ ತಂದುಕೊಳ್ಳರು ಎಂದು ಪ್ರವಾದಿ ಸಾರಿದನು. ಕಡೆಯ ಭೋಜನದಲ್ಲಿ ಯೇಸುಸ್ವಾಮಿ ಪಾತ್ರೆಯನ್ನು ಕೈಗೆತ್ತಿಕೊಂಡು ತಮ್ಮ ರಕ್ತದಿಂದ ಸ್ಥಾಪಿಸಿದ್ದು ಈ ಹೊಸ ಒಡಂಬಡಿಕೆಯನ್ನೇ. ಪ್ರತಿ ಬಲಿಪೂಜೆಯಲ್ಲಿ ನೀವು ಅದನ್ನು ಕೇಳುತ್ತೀರಿ.

ಆದರೆ ಇದರಿಂದ ದೇವರು ಯೆಹೂದ್ಯರನ್ನು ಕೈಬಿಟ್ಟರೆಂದು ತಿಳಿಯಬಾರದು. ಅವರನ್ನು ತಿರಸ್ಕೃತರು, ಶಾಪಗ್ರಸ್ತರು ಎಂದು ಹೇಳಕೂಡದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಕಲಿಸಿದೆ. ದೇವರ ಕರೆ ಹಿಂದೆಗೆಯುವಂಥದ್ದಲ್ಲ.

ಇಳಕಲ್ಲಿನ ನೇಕಾರರ ಮನೆಯಲ್ಲಿ ನೀವು ಕೊಂಡಿ ಹಾಕುವುದನ್ನು ನೋಡಿರಬಹುದು. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಬಹಳ ತಾಳ್ಮೆಯ ಕೆಲಸ. ದೇವರು ತನ್ನ ಜನರನ್ನು ಮರಳಿ ಸೇರಿಸಿಕೊಂಡದ್ದೂ ಹೀಗೆಯೇ, ಒಂದೊಂದೇ ಎಳೆ ಹಿಡಿದು.

ಪಟ್ಟಣ ಬಿದ್ದ ಮೇಲೆ

ಬಾದಾಮಿಯವರಿಗೆ ರಾಜಧಾನಿಯ ಪತನ ಹೊಸದಲ್ಲ. ಚಾಲುಕ್ಯರ ವಾತಾಪಿಯನ್ನು 642ರಲ್ಲಿ ಪಲ್ಲವ ನರಸಿಂಹವರ್ಮನು ಗೆದ್ದನು. ಹತ್ತಾರು ವರ್ಷಗಳ ಬಳಿಕ ಒಂದನೆಯ ವಿಕ್ರಮಾದಿತ್ಯನು ಅದನ್ನು ಮರಳಿ ಪಡೆದನು. ಗೆದ್ದ ಪಲ್ಲವನ ಶಾಸನ ಇಂದಿಗೂ ಅಲ್ಲಿನ ಬಂಡೆಯ ಮೇಲಿದೆ. ಜೆರುಸಲೇಮಿನ ಪತನ ಅದಕ್ಕಿಂತ ಘೋರವಾಗಿತ್ತು. ಕ್ರಿ.ಪೂ. 587ರ ಹೊತ್ತಿಗೆ ಗೋಡೆ ಒಡೆಯಿತು. ದೇವಾಲಯಕ್ಕೆ ಬೆಂಕಿ ಬಿತ್ತು. ಚಿದ್ಕೀಯನ ಮಕ್ಕಳನ್ನು ಆತನ ಕಣ್ಣೆದುರೇ ಕೊಂದು, ಆಮೇಲೆ ಆತನ ಕಣ್ಣು ಕಿತ್ತರು. ಮೂರು ಬಾರಿ ಸೆರೆಯಾಗಿ ಹೋದವರ ಲೆಕ್ಕವನ್ನು ಯೆರೆಮೀಯನ ಗ್ರಂಥದ ಕಡೆಯ ಅಧ್ಯಾಯ ಕೊಡುತ್ತದೆ: 3,023, 832, 745. ಒಟ್ಟು 4,600.

ಸರಪಳಿ ಹಾಕಿದ ಕೈದಿಗಳ ಗುಂಪಿನಲ್ಲಿ, ಅದೇ ರಾಮಾ ಊರಿನಲ್ಲಿ, ಯೆರೆಮೀಯನೂ ಇದ್ದನು. ಬಾಬಿಲೋನಿನ ಸೇನಾಧಿಕಾರಿ ಆತನನ್ನು ಬಿಡಿಸಿ, ತನ್ನೊಡನೆ ಬಂದರೆ ಚೆನ್ನಾಗಿ ನೋಡಿಕೊಳ್ಳುವೆನೆಂದನು. ಯೆರೆಮೀಯನು ಹೋಗಲಿಲ್ಲ. ನಾಡಿನಲ್ಲಿ ಉಳಿದ ಬಡವರ ಜೊತೆ ಉಳಿದನು. ರಾಜ್ಯಪಾಲನಾಗಿ ನೇಮಕವಾದ ಗೆದಲ್ಯನು ಸ್ವಜನರ ಕೈಯಲ್ಲೇ ಕೊಲೆಯಾದನು. ಹೆದರಿದ ಜನರು ಈಜಿಪ್ಟಿಗೆ ಓಡಲು ನಿರ್ಧರಿಸಿ, ಬೇಡವೆಂದ ಯೆರೆಮೀಯನನ್ನೂ ಬಾರೂಕನನ್ನೂ ಕರೆದೊಯ್ದರು. ಈಜಿಪ್ಟಿನ ತಹಪನೇಸಿನಲ್ಲೂ ಆತನು ಬೋಧಿಸಿದನು. ಅಲ್ಲಿಯೂ ಜನರು ಕೇಳಲಿಲ್ಲ. ಆತನ ಸಾವನ್ನು ಶ್ರೀಗ್ರಂಥ ಹೇಳುವುದಿಲ್ಲ. ತನ್ನವರೇ ಕಲ್ಲೆಸೆದು ಕೊಂದರೆಂದು ಹಳೆಯ ಪರಂಪರೆಯಿದೆ.

ಅನಾತೋತಿನ ಹೊಲದಲ್ಲಿ ಯೆರೆಮೀಯನು ಒಂದು ದಿನವೂ ಉಳಲಿಲ್ಲ.

ಮಾತು ನೆರವೇರಿತು

ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಸೈರಸನು ಬಾಬಿಲೋನನ್ನು ಗೆದ್ದನು. ಮರುವರ್ಷ ಯೆಹೂದ್ಯರು ತಮ್ಮ ನಾಡಿಗೆ ಹೋಗಿ ದೇವಾಲಯ ಕಟ್ಟಲು ಅಪ್ಪಣೆಯಾಯಿತು. ಯೆರೆಮೀಯನ ಮಾತು ನೆರವೇರಲೆಂದೇ ದೇವರು ಸೈರಸನ ಮನಸ್ಸನ್ನು ಎಚ್ಚರಿಸಿದರೆಂದು ಎಜ್ರನ ಗ್ರಂಥ ಆರಂಭವಾಗುತ್ತದೆ. ಮರಳಿದ ಸಮುದಾಯದ ಸಂಖ್ಯೆ 42,360 ಎಂದು ಅದೇ ಗ್ರಂಥ ಬರೆದಿಟ್ಟಿದೆ. ಆ ಪಟ್ಟಿಯಲ್ಲಿ ಅನಾತೋತಿನವರು 128 ಮಂದಿ. ಎರಡನೆಯ ದೇವಾಲಯ ಕ್ರಿ.ಪೂ. 515ರಲ್ಲಿ ಪೂರ್ಣವಾಯಿತು. ಮೊದಲನೆಯದು ಸುಟ್ಟು ಸುಮಾರು 70 ವರ್ಷಗಳಾಗಿದ್ದವು.

ಎಲ್ಲವೂ ಹಿಂದಿನಂತೆ ಆಯಿತೆಂದಲ್ಲ. ಅಸ್ತಿವಾರ ಹಾಕಿದ ದಿನ ಯುವಕರು ಸಂತೋಷದಿಂದ ಕೂಗಿದರೆ, ಹಳೆಯ ದೇವಾಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ನವನಗರದ ಮನೆ ಪ್ರವೇಶದ ದಿನ ನಿಮ್ಮ ಅಜ್ಜ ಮೂಲೆಯಲ್ಲಿ ಕುಳಿತು ಕಣ್ಣೊರಸಿಕೊಂಡಿದ್ದರೆ, ಆ ಮುದುಕರ ಅಳು ನಿಮಗೆ ಅರ್ಥವಾಗುತ್ತದೆ. ದೇವರ ಕರುಣೆ ಹಳೆಯದನ್ನು ಹಾಗೆಯೇ ಹಿಂದಿರುಗಿಸುವುದಿಲ್ಲ. ಕೆಟ್ಟ ಮಣ್ಣಿನಿಂದ ಹೊಸ ಗಡಿಗೆ ಮಾಡುತ್ತದೆ.

ನಮ್ಮ ಮನೆಗಳಲ್ಲಿ

ಒಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಯೆರೆಮೀಯನ ಜನರು ನಾಡನ್ನು ಕಳೆದುಕೊಂಡದ್ದು ತಮ್ಮ ಪಾಪದಿಂದ ಎಂದು ಪ್ರವಾದಿ ಹೇಳಿದನು. ಹಾಗೆಂದು ಮನೆ ಮುಳುಗಿದವರೆಲ್ಲ ಪಾಪಿಗಳೆಂದು ತಿಳಿಯಬೇಡಿರಿ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಗೆ ನುಗ್ಗಿದಾಗ ಮನೆ ಕಳೆದುಕೊಂಡವರು ಯಾವ ತಪ್ಪಿಗೂ ಶಿಕ್ಷೆ ಅನುಭವಿಸಿದ್ದಲ್ಲ. ಯೆರೆಮೀಯನಿಂದ ಕಲಿಯಬೇಕಾದದ್ದು ಬೇರೆ. ತಪ್ಪಿನಿಂದಲೇ ಎಲ್ಲವನ್ನೂ ಕಳೆದುಕೊಂಡವರಿಗೂ ದೇವರ ಕರುಣೆ ಮುಚ್ಚಿಲ್ಲ ಎಂದ ಮೇಲೆ, ತಪ್ಪಿಲ್ಲದೆ ಕಳೆದುಕೊಂಡವರನ್ನು ಅವರು ಮರೆಯುವರೇ?

ನಿಮ್ಮ ಮನೆಯಲ್ಲೂ ಒಬ್ಬ ಎಫ್ರಯಿಮ್ ಇರಬಹುದು. ಕುಡಿತಕ್ಕೆ ಬಿದ್ದ ಮಗ, ಜಗಳವಾಡಿ ಹೋದ ತಮ್ಮ, ಮನೆಯ ಮಾತು ಮೀರಿ ಮದುವೆಯಾದಳೆಂದು ಹೆಸರು ಎತ್ತದಿರುವ ಮಗಳು. ಎಲ್ಲ ಸರಿಹೋಗುತ್ತದೆ ಎಂದು ಹನನ್ಯನಂತೆ ಸುಳ್ಳು ಸಮಾಧಾನ ಹೇಳಬೇಡಿರಿ, ಸತ್ಯವನ್ನೇ ಹೇಳಿರಿ. ಆದರೆ ಬಾಗಿಲು ಹಾಕಬೇಡಿರಿ. ಅವರ ಪಾಲಿನ ತಟ್ಟೆ ಕಪಾಟಿನಲ್ಲಿ ಇರಲಿ. ಸಂಜೆಯ ಜಪಸರದಲ್ಲಿ ಅವರ ಹೆಸರು ಬರಲಿ. ಮರಳಿ ಬಂದರೆ ಎತ್ತಿಕೊಳ್ಳುವ ಹಗ್ಗಕ್ಕೆ ಹರಕು ಬಟ್ಟೆ ಸುತ್ತಿರಲಿ.

ಈ ವಾರ ಒಂದು ಸಂಜೆ ಮನೆಯವರೆಲ್ಲ ಕುಳಿತು ಯೆರೆಮೀಯನ ಗ್ರಂಥದ 31 ಮತ್ತು 32ನೆಯ ಅಧ್ಯಾಯಗಳನ್ನು ಓದಿರಿ. ಮಕ್ಕಳಿಂದಲೇ ಓದಿಸಿರಿ. ಓದಿದ ಮೇಲೆ ಪ್ರತಿಯೊಬ್ಬರೂ ಒಂದೊಂದು ಹೆಸರನ್ನು ಮನಸ್ಸಿನಲ್ಲಿ ಹಿಡಿದು, ಕರುಣಾಮಯರಾದ ದೇವರು ಅವರನ್ನು ಮರಳಿ ಕರೆತರಲಿ ಎಂದು ಪ್ರಾರ್ಥಿಸಿರಿ. ಪ್ರಾರ್ಥಿಸಿದ್ದು ನಾಳೆಯೇ ಆಗದಿರಬಹುದು, ನಮ್ಮ ಕಾಲದಲ್ಲೂ ಆಗದಿರಬಹುದು. ಆದರೂ ಪ್ರಾರ್ಥಿಸಿರಿ. ಖರೀದಿ ಪತ್ರ ಗಡಿಗೆಯಲ್ಲಿ ಭದ್ರವಾಗಿದೆ.